ಬ್ಲಾಗ್ ಪಾಠ ನಾಲ್ಕು ಮತ್ತು ಅವ್ವನ ಗ್ಯಾಸು

ಈ ವರ್ಷ ನಾನು ಬರಹಗಾರನಾಗಿಯೇ ತೀರುತ್ತೇನೆ! ರಾಯಚೂರಿನ ಬೇಸಿಗೆಯ ಬಿಸಿಲಲ್ಲಿ, ನಮ್ಮ ಮಾಳಿಗೆಯ ನೀರಿನ ಟ್ಯಾಂಕಿನ ಪಕ್ಕ ನಿಂತು ನಾನು ಹೀಗೆಂದು ಘೋರ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಇದ್ದದ್ದು ಒಣಹಾಕಿದ ಎರಡು ಸೀರೆ, ಒಂದು ಲುಂಗಿ ಮತ್ತು ನನ್ನ ಹೆಂಡತಿ ದಾನೇಶ್ವರಿ.

“ಬ್ಲಾಗ್ ಶುರು ಮಾಡಾಕತ್ತೀನಿ,” ಅಂದೆ.

“ಹೋದ ತಿಂಗಳು ನಳ ರಿಪೇರಿ ಶುರು ಮಾಡಿದ್ರಿ. ಅದು ಇನ್ನೂ ಸೋರಾಕತ್ತದ,” ಅಂದಳು.

ನನ್ನ ಹೆಸರು ಗೌತಮ. ಹೆಸರಿನಲ್ಲಿರುವ ಶಾಂತಿ ನನ್ನಲ್ಲಿಲ್ಲ. ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತ; ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವವನು. ಇಪ್ಪತ್ತು ವರ್ಷಗಳಿಂದ ನಾನು ಬರೆದದ್ದೆಲ್ಲ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂದು ಶುರುವಾಗಿ “ಮುಂದಿನ ಕ್ರಮಕ್ಕಾಗಿ ಸಲ್ಲಿಸಿದೆ” ಎಂದು ಮುಗಿಯುತ್ತಿತ್ತು. ಇಂಥವನೊಳಗೆ ಒಬ್ಬ ಸಾಹಿತಿ ಎಷ್ಟು ದಿನ ಅಂತ ಉಸಿರು ಬಿಗಿಹಿಡಿದು ಕೂತಿರಬೇಕು ಹೇಳಿ! ಬ್ಲಾಗಿಗೆ “ಗೌತಮ ಗರ್ಜನೆ” ಎಂದು ಹೆಸರಿಟ್ಟೆ. ಮೇಲೆ ನನ್ನದೊಂದು ಫೋಟೋ ಹಾಕಿದೆ. ಅದರಲ್ಲಿ ನಾನು ಗಲ್ಲಕ್ಕೆ ಕೈಕೊಟ್ಟು ದೂರ ನೋಡುತ್ತಿದ್ದೇನೆ. ದಾನೇಶ್ವರಿ ಅದನ್ನು ನೋಡಿ, “ಹಲ್ಲು ನೋವೇನ್ರಿ?” ಎಂದು ಕೇಳಿದಳು.

ಆಮೇಲೆ ಏನು ಬರೆಯಬೇಕೆಂದೇ ಹೊಳೆಯಲಿಲ್ಲ. ಎರಡು ದಿನ ಬರೀ ಪರದೆ ನೋಡುತ್ತ ಕೂತೆ. ಬ್ಲಾಗ್ ಬರೆಯುವುದು ಹೇಗೆಂದು ಹುಡುಕಿ ಓದಿದೆ. ಮೂರನೇ ದಿನ ನನಗೆ ಜ್ಞಾನೋದಯವಾಯಿತು. ಬ್ಲಾಗ್ ಬರೆಯುವುದು ನನಗೆ ಗೊತ್ತಿಲ್ಲ ತಾನೆ? ಹಾಗಾದರೆ ಅದನ್ನೇ ಬೇರೆಯವರಿಗೆ ಕಲಿಸಿಬಿಡೋಣ! “ಹೊಸ ಬರಹಗಾರರಿಗೆ ಬ್ಲಾಗ್ ಪಾಠ” ಎಂಬ ಮಾಲೆ ಹೀಗೆ ಉದಯಿಸಿತು. ಬ್ಲಾಗಿಗೆ ಹೆಸರಿಡುವುದು ಹೇಗೆ ಎಂಬುದು ಪಾಠ ಒಂದು. ದಿನ ತಪ್ಪದೆ ಬರೆಯುವುದು ಹೇಗೆ ಎಂಬುದು ಪಾಠ ಎರಡು. ಅದನ್ನು ಬರೆದದ್ದು ಎಂಟು ದಿನ ತಡವಾಗಿ. ಓದುಗರನ್ನು ಸಂಪಾದಿಸುವುದು ಹೇಗೆ ಎಂಬುದು ಪಾಠ ಮೂರು. ಅದನ್ನು ಹನ್ನೊಂದು ಜನ ಓದಿದರು. ಆ ಹನ್ನೊಂದರಲ್ಲಿ ಏಳು ಸಲ ತೆರೆದು ನೋಡಿದವನು ನಾನೇ.

ಪಾಠ ಮೂರರಲ್ಲಿ ನಾನೇ ಹೇಳಿದ ಪ್ರಕಾರ ಬ್ಲಾಗಿನ ಲಿಂಕನ್ನು ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ್ದೆ. ತೀರಿಹೋದ ಅಪ್ಪನ ಹೆಸರಲ್ಲಿ ನಮ್ಮವರೆಲ್ಲ ಸೇರಿ ಮಾಡಿದ “ತಾಯಣ್ಣನ ಬಳಗ” ಎಂಬ ವಾಟ್ಸಾಪ್ ಗುಂಪಿದೆ, ಅದಕ್ಕೆ ಕಳಿಸಿದೆ. ಪಕ್ಕದ ಮನೆಯ ದಿಲ್ಶಾದಳಿಗೆ ಕಳಿಸಿದೆ. ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಮುಜಾಹಿದನಿಗೂ ಕಳಿಸಿದೆ. ದೇವದುರ್ಗದಲ್ಲಿರುವ ನನ್ನ ಅಕ್ಕ ಸುಜಾತಾ ಪ್ರತಿ ಪಾಠಕ್ಕೂ ಎರಡು ಕೈಮುಗಿದ ಚಿತ್ರ ಕಳಿಸುತ್ತಿದ್ದಳು. ಒಂದನ್ನೂ ತೆರೆದು ನೋಡಿರಲಿಲ್ಲ.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ನನಗೆ ಸಾಹಿತ್ಯದ ಹುಚ್ಚು ಹಿಡಿದದ್ದು ಅವ್ವನ ರಿಪೋರ್ಟು ಬಂದ ಮೂರನೇ ದಿನಕ್ಕೆ. ಅವ್ವ, ಅಂದರೆ ಮೂಕಮ್ಮ, ಮೂವತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ದುಡಿದು ನನ್ನನ್ನೂ ಅಕ್ಕನನ್ನೂ ಓದಿಸಿದವಳು. ತಾನು ಒಂದಕ್ಷರ ಕಲಿತಿಲ್ಲ. ಚಳಿಗಾಲದಿಂದ ಅವಳಿಗೆ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಅಂದರು. ಎಂಥ ಗಡ್ಡೆ ಎಂಬುದನ್ನು ಡಾಕ್ಟರು ನನ್ನನ್ನು ಒಳಗೆ ಕರೆದು ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವ, “ಏನಂತ?” ಅಂದಳು. “ಗ್ಯಾಸಂತ ಯವ್ವಾ,” ಅಂದೆ.

ನಮ್ಮ ಕಡೆ ಹಿರಿಯರಿಗೆ ದೊಡ್ಡ ಕಾಯಿಲೆ ಬಂದರೆ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಹೇಳುವುದು ಪದ್ಧತಿ. ನಾನು ಅದನ್ನೂ ಮೀರಿ ದಾನೇಶ್ವರಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಅವ್ವನ ಎದುರು ಕೂತರೆ ಬಾಯಿಂದ ಏನು ಬಂದುಬಿಡುತ್ತದೋ ಎಂದು ಭಯವಾಗುತ್ತಿತ್ತು. ಆದ್ದರಿಂದ ಮನೆಗೆ ಬಂದವನೇ ಫೋನ್ ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಅವ್ವ ಕೆಳಗಿನಿಂದ, “ಲೇ ಗೌತಮ, ಒಂದೀಟು ಬಂದು ಕೂಡ್ರಬಾರದೇನೋ?” ಅಂದರೆ, “ಬರಿಯಾಕತ್ತೀನಿ ಯವ್ವಾ!” ಎಂದು ಮೇಲಿನಿಂದ ಗರ್ಜಿಸುತ್ತಿದ್ದೆ. ಬರೆಯುವ ಮಗನನ್ನು ಯಾವ ತಾಯಿ ತಡೆದಾಳು?

ಪಾಠ ನಾಲ್ಕರ ದಿನ ಗುರುವಾರ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಗರ್ಜನೆ ಹೊರಬೀಳಬೇಕೆಂದು ನಾನೇ ಶಾಸನ ಮಾಡಿಕೊಂಡಿದ್ದೆ. ಕನ್ನಡ ಟೈಪ್ ಮಾಡಲು ನನಗೆ ಬೆರಳು ಹೊರಳುವುದಿಲ್ಲ. ಫೋನಿನಲ್ಲಿ ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ ಎಂದು ಮುಜಾಹಿದ್ ತೋರಿಸಿಕೊಟ್ಟಿದ್ದ. ಅವತ್ತು ಎಂಟು ಗಂಟೆಗೆ ಮಾಳಿಗೆ ಹತ್ತಿ, ಫೋನನ್ನು ಟ್ಯಾಂಕಿನ ಮೇಲಿಟ್ಟು, ಹಿಂದೆ ಕೈಕಟ್ಟಿ ಅತ್ತಿತ್ತ ತಿರುಗುತ್ತ, ಭಾಷಣದ ಧಾಟಿಯಲ್ಲಿ ಶುರು ಮಾಡಿದೆ. ನಾಲ್ಕೈದು ಸೂಚನೆ ಮುಗಿಯುವಷ್ಟರಲ್ಲಿ ದಾನೇಶ್ವರಿ ಮೆಟ್ಟಿಲು ಹತ್ತಿ ಬಂದಳು. ಅವ್ವನಿಗೆ ಕೇಳಬಾರದ ಮಾತುಗಳನ್ನೆಲ್ಲ ನಾವು ಮಾಳಿಗೆಯ ಮೇಲೆಯೇ ಆಡುತ್ತಿದ್ದೆವು. ಅವತ್ತೂ ಆಡಿದೆವು. ಮಾತು ಮುಗಿಯುವ ಮೊದಲೇ ನಾನು ಗಡಿಯಾರ ನೋಡಿ, ಫೋನ್ ಕಿಸೆಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಮಾನ್ವಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಫೋನ್ ತೆಗೆದಾಗ ಒಂಬತ್ತಕ್ಕೆ ಎರಡೇ ನಿಮಿಷ ಬಾಕಿ. ಮೊದಲ ಎರಡು ಸಾಲು ಓದಿದೆ, ಚೆನ್ನಾಗಿತ್ತು. ಬೆರಳಿನಿಂದ ಸರಿಸಿದರೆ ಬರಹ ಕೆಳಗೆ ಹೋಗುತ್ತಲೇ ಇದೆ! ಇಷ್ಟುದ್ದ ನಾನು ಯಾವತ್ತೂ ಬರೆದಿರಲಿಲ್ಲ. ಪ್ರತಿಭೆ ಉಕ್ಕಿದರೆ ಹೀಗೇ ಎಂದು ಬೀಗುತ್ತ ‘ಪ್ರಕಟಿಸು’ ಒತ್ತಿದೆ. ಬಳಗದ ಗುಂಪಿಗೂ ಉಳಿದವರಿಗೂ ಲಿಂಕ್ ಕಳಿಸಿ, ಕೆಳಗೆ “ತಪ್ಪದೆ ಕೊನೆಯವರೆಗೂ ಓದಿ” ಎಂದು ಸೇರಿಸಿದೆ.

ಹನ್ನೊಂದಕ್ಕೆ ಚಹಾದ ಹೊತ್ತಿನಲ್ಲಿ ಮುಜಾಹಿದ್ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿತ್ತು.

“ಗೌತಮ್ ಸರ್, ಇವತ್ತಿಂದು ಓದಿದೆ. ತಡಕೊಳ್ಳಾಕ ಆಗಲಿಲ್ರಿ. ಅಳು ಬಂತು.”

ನನ್ನ ಎದೆ ನಾಲ್ಕಂಗುಲ ಉಬ್ಬಿತು. “ಹಂಗೇನಿಲ್ಲ ಮುಜಾಹಿದ್. ಪ್ಯಾರಾ ಸಣ್ಣದಿರಬೇಕು ಅನ್ನೋದನ್ನ ಸ್ವಲ್ಪ ಮನಸ್ಸಿಗಿ ತಟ್ಟುವಂಗ ಹೇಳೀನಿ, ಅಷ್ಟ.”

“ಪ್ಯಾರಾ ಅಲ್ರೀ ಸರ್. ಅಮ್ಮಾರದು.”

“ಯಾವ ಅಮ್ಮಾರದು?”

ಅವನು ತನ್ನ ಫೋನ್ ನನ್ನ ಕೈಗೆ ಕೊಟ್ಟ. ಪಾಠ ನಾಲ್ಕು ಹೀಗಿತ್ತು:

“ಹೊಸ ಬರಹಗಾರರೇ ತಲೆಬರಹ ಚಿಕ್ಕದಿರಲಿ ಪ್ಯಾರಾ ಸಣ್ಣದಿರಲಿ ಬರಹಕ್ಕೊಂದು ಚಿತ್ರವಿರಲಿ ಎಲ್ಲಕ್ಕಿಂತ ಮುಖ್ಯವಾಗಿ ಪ್ರಕಟಿಸುವ ಮೊದಲು ಮೂರು ಸಲ ಓದಿರಿ ಏನ್ರೀ ಡಾಕ್ಟರ್ ಫೋನ್ ಮಾಡಿದ್ರು ಸಣ್ಣಗ ಮಾತಾಡು ಅವ್ವ ಕೆಳಗ ಅದಾಳ ಗಡ್ಡಿ ಲಿವರಿಗೂ ಹಬ್ಬೇದಂತ ಆಪರೇಷನ್ ಮಾಡಾಕ ಬರಂಗಿಲ್ಲಂತ ಭಾಳಂದ್ರ ಆರು ತಿಂಗಳಂತ ಅವರಿಗೆ ಹೇಳೂನೇನ್ರಿ ಬ್ಯಾಡ ಗ್ಯಾಸ್ ಅಂತನ ಇರ್ಲಿ ಸುಜಾತಕ್ಕಗರ ಹೇಳ್ರಿ ಆಕಿಗೆ ಹೇಳಿದ್ರ ದೇವದುರ್ಗದ ತುಂಬ ಡಂಗುರ ಹೊಡದಂಗ ಬಂದು ಕುಂತ್ಲಂದ್ರ ಹದಿನೈದು ದಿನ ಏಳಂಗಿಲ್ಲ ಮಾನ್ವಿ ಚಿಕ್ಕವ್ವಗ ಆಕಿ ಬಾಯಾಗ ಎಳ್ಳುಕಾಳು ನಿಲ್ಲಂಗಿಲ್ಲ ನೀವು ಒಂದಿನಾನರ ಅವರ ಹಂತೇಲಿ ಕೂಡ್ರಿ ಅಂದ್ರ ಇಲ್ಲಿ ಬಂದು ಫೋನಿನ ಕೂಡ ಮಾತಾಡ್ತೀರಿ ಅವರು ಹೋದ್ರ ಈ ಮನ್ಯಾಗ ನಾ ಯಾರ ಕೂಡ ಜಗಳಾ ಆಡ್ಲಿ ಹೇಳ್ರಿ ಬಸ್ಸಿಗೆ ಹೊತ್ತಾತು ಬರ್ತೀನಿ”

ಚಹಾ ನನ್ನ ಕೈಯಿಂದ ಕಡತದ ಮೇಲೆ ಬಿತ್ತು. ಅಳಿಸಿಬಿಡೋಣ ಎಂದು ನನ್ನ ಫೋನ್ ತೆಗೆದರೆ ಅದಕ್ಕೆ ಆಫೀಸಿನಲ್ಲಿ ನೆಟ್‌ವರ್ಕ್ ಇಲ್ಲ. ಕಿಟಕಿಯ ಹೊರಗೆ ಕೈ ಚಾಚಿ ಹಿಡಿದೆ, ಕುರ್ಚಿ ಹತ್ತಿ ಹಿಡಿದೆ, ಚಕ್ರ ತಿರುಗುತ್ತಲೇ ಇತ್ತು. ರಜೆ ಚೀಟಿ ಬರೆದು ಬಸ್ ಸ್ಟ್ಯಾಂಡಿಗೆ ಓಡಿದೆ. ಅಲ್ಲಿ ಬ್ಲಾಗ್ ತೆರೆಯಿತು. ಅಳಿಸುವ ಮೊದಲು ಕಣ್ಣು ಓದಿದವರ ಸಂಖ್ಯೆಯ ಮೇಲೆ ಬಿತ್ತು. ನಾನೂರ ಹನ್ನೆರಡು! ಭೂಮಿ ಬಾಯಿ ಬಿಡಬಾರದೇ ಅನ್ನಿಸಬೇಕಾದ ಹೊತ್ತಿನಲ್ಲಿ, ಓದುಗರೇ, ಕ್ಷಮಿಸಿ, ಒಂದು ಕ್ಷಣ ನನಗೆ ಖುಷಿಯಾಯಿತು. ಕೆಳಗೆ ಗುರುತಿಲ್ಲದ ಯಾರೋ ಒಬ್ಬರು ಅಭಿಪ್ರಾಯ ಬರೆದಿದ್ದರು: “ಬರಹ ಹೃದಯ ಹಿಂಡಿತು. ಮೊದಲ ಭಾಗ ತೆಗೆದುಹಾಕಿದರೆ ಇನ್ನೂ ಚೆನ್ನಾಗಿರುತ್ತದೆ.” ಆ ಮೊದಲ ಭಾಗವೇ ನಾನು ಬರೆದದ್ದು.

ಅಳಿಸಿದೆ. ಅಳಿಸಿ ಏನುಪಯೋಗ? ಬಳಗದ ಗುಂಪಿನಲ್ಲಿ ಅದರ ಸ್ಕ್ರೀನ್‌ಶಾಟು ಹನ್ನೆರಡು ಸಲ ಹರಿದಾಡಿತ್ತು. ಮೂರು ಪಾಠ ಬರೆದರೂ ತೆರೆಯದಿದ್ದ ಜನ ಇವತ್ತು ಕೊನೆಯವರೆಗೂ ಓದಿದ್ದರು. ನಾನೇ ಹೇಳಿದ್ದೆನಲ್ಲ, ತಪ್ಪದೆ ಓದಿ ಅಂತ!

ರಾಯಚೂರು ಬಸ್ ಹತ್ತಿದರೆ ಮುಂದಿನ ಸೀಟಿನಲ್ಲಿ ಅವ್ವನ ತಂಗಿ, ಮಾನ್ವಿಯ ಸೌಭಾಗ್ಯ ಚಿಕ್ಕವ್ವ. ಮಡಿಲಲ್ಲಿ ಎರಡು ಬ್ರೆಡ್ ಪೊಟ್ಟಣ, ಕಾಲ ಬಳಿ ನಾಲ್ಕು ಎಳನೀರು.

“ಚಿಕ್ಕವ್ವಾ, ಎಲ್ಲಿಗೆ ಹೊಂಟಿ?”

“ನನ್ನ ಮಾತಾಡಸಬ್ಯಾಡ. ನನ್ನ ಬಾಯಾಗ ಎಳ್ಳುಕಾಳು ನಿಲ್ಲಂಗಿಲ್ಲ,” ಅಂದಳು. ರಾಯಚೂರು ಬರುವ ತನಕ ತುಟಿ ಬಿಚ್ಚಲಿಲ್ಲ. ಅವಳ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಬಾಗಿಲಲ್ಲಿ ಅಕ್ಕ ಸುಜಾತಾ ದೊಡ್ಡ ಬ್ಯಾಗು ಹಿಡಿದು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು, ಆದರೂ ನನ್ನನ್ನು ಕಂಡೊಡನೆ ಸಿಟ್ಟು ಮೇಲೆದ್ದಿತು.

“ತಮ್ಮಾ, ಹದಿನೈದು ದಿನ ಅಂದಿಯಲ್ಲ, ತಿಂಗಳಿಗಾಗುವಷ್ಟು ಅರಿವಿ ತಂದೀನಿ. ಹೆತ್ತ ಮಗಳಿಗೆ ಹೇಳಾಕ ನಿನಗ ಬಾಯಿ ಇದ್ದಿಲ್ಲ. ಊರಿಗೆಲ್ಲಾ ಓದಾಕ ಹಾಕೀದಿ!”

“ಅಕ್ಕಾ, ಅದು ಫೋನ್ ಮಾಡಿದ ಕೆಲಸ...”

“ಫೋನಿಗರ ಬುದ್ಧಿ ಅದ.”

ತಲೆ ತಗ್ಗಿಸಿ ಒಳಗೆ ಹೋದೆ.

ಪಡಸಾಲೆಯ ಹೊರಸಿನ ಮೇಲೆ ಅವ್ವ ಕೂತಿದ್ದಳು. ಸುತ್ತ ಒಂಬತ್ತು ಜನ ನೆಂಟರು. ಗೋಡೆಯ ಗೂಡಿನಲ್ಲಿ ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು ಅಂಗಡಿಯ ಹಾಗೆ ಪೇರಿಸಿಟ್ಟಿದ್ದವು. ಕಾಯಿಲೆಯವರನ್ನು ನೋಡಲು ಬಂದವರು, ನೋಡಲು ಬಂದೆವು ಅಂತ ಬಾಯಿಬಿಟ್ಟು ಹೇಳಬಾರದು ಎಂಬುದು ನಮ್ಮವರ ಇನ್ನೊಂದು ಪದ್ಧತಿ. ಅವ್ವ ಒಬ್ಬೊಬ್ಬರನ್ನೇ ವಿಚಾರಣೆ ಮಾಡುತ್ತಿದ್ದಳು.

“ಸುಜಾತಾ, ನೀ ಹೇಳದ ಕೇಳದ ಯಾಕ ಬಂದಿ?”

“ಹಂಗ ಬಂದೆ ಯವ್ವಾ. ಬಸ್ ಖಾಲಿ ಇತ್ತು.”

“ಸೌಭಾಗ್ಯ, ನೀನು?”

“ನಾನಾ? ಚಪ್ಪಲಿ ತಗೊಳ್ಳಾಕ ಬಂದೆ ಅಕ್ಕಾ. ಮಾನ್ವಿಯಾಗ ನನ್ನ ಕಾಲಿಗೆ ಅಳತಿ ಸಿಗಂಗಿಲ್ಲ.”

“ಸಿರವಾರದಾವ, ನೀ ಯಾಕ ಬಂದೆಪಾ?”

ಸಿರವಾರದಿಂದ ಬಂದಿದ್ದ ನನ್ನ ದೊಡ್ಡಪ್ಪನ ಮಗ ಆನಂದ ಗಂಟಲು ಸರಿಮಾಡಿಕೊಂಡ. “ಅಕ್ಕಿ ಮಿಲ್ಲಿನ್ಯಾಗ ಕೆಲಸಿತ್ತು ಚಿಕ್ಕವ್ವಾ.”

“ಎಳನೀರು ಹಿಡಕೊಂಡು ಮಿಲ್ಲಿಗೆ ಹೋಗಿದ್ದೇನು?”

ಆನಂದ ತಾನು ತಂದ ಎಳನೀರಿನ ಕಡೆ ನೋಡಿದ. ಎಳನೀರು ಅವನ ಸಹಾಯಕ್ಕೆ ಬರಲಿಲ್ಲ. ಯಾರೋ ಮೂಗು ಒರೆಸಿಕೊಂಡರು, ಇನ್ಯಾರೋ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲರ ಕಣ್ಣು ನನ್ನ ಮೇಲೆ. ಪರಿಸ್ಥಿತಿ ಕೈಮೀರುವ ಮೊದಲು ನಾನೇ ಮುಂದೆ ಬಂದು, “ಯವ್ವಾ, ಗ್ಯಾಸಿಗೆ ಹೊಸ ಗುಳಿಗಿ ಬರದಾರ,” ಅಂದೆ.

ಅವ್ವ ನನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಸಾಕು ಬಿಡ್ರಿ. ಸುಳ್ಳು ಹೇಳಿ ಹೇಳಿ ದಣೀಬ್ಯಾಡ್ರಿ. ಮುಂಜಾನಿ ದಿಲ್ಶಾದ್ ಬಂದಿದ್ಲು. ‘ಅಮ್ಮಾ, ನಿಮ್ಮ ಮಗ ಏನೋ ಬರದಾರ, ಓದ್ತೀನಿ ಕೇಳ್ರಿ’ ಅಂದ್ಲು. ಪಾಪ, ಆಕಿಗೇನು ಗೊತ್ತು. ಅರ್ಧಕ್ಕ ಬಂದು ಗಪ್ಪನ ನಿಂತ್ಲು. ನಾನ ಗದರಿಸಿ ಕಡೀತನಕ ಓದಿಸೀನಿ. ತಲಿಬರಹ ಚಿಕ್ಕದಿರಬೇಕಂತ, ಒಂದು ಚಿತ್ರ ಇರಬೇಕಂತ, ಆಮ್ಯಾಲ ನಾ ಸಾಯ್ತೀನಂತ.”

ಅಕ್ಕ ಗೋಡೆಗೆ ಮುಖ ಮಾಡಿ ಬಿಕ್ಕಿದಳು. ನಾನು ನಿಂತಲ್ಲೇ ನಿಂತೆ. ಕೈಯಲ್ಲಿ ಫೋನ್ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ನನಗ ಮದ್ಲ ಗೊತ್ತಿತ್ತು,” ಎಂದು ಅವ್ವ ಮುಂದುವರಿಸಿದಳು. “ಹೋದ ತಿಂಗಳು ಒಂದಿನ ಸಾರಿಗೆ ಉಪ್ಪು ಹೆಚ್ಚಾಗೇದ ಅಂದೆ. ನನ್ನ ಸೊಸಿ, ‘ಹೌದತ್ತಿ, ನಂದ ತಪ್ಪು’ ಅಂದ್ಲು. ಇಪ್ಪತ್ತೆರಡು ವರ್ಷದಾಗ ಆಕಿ ಒಮ್ಮೆ ಹಂಗ ಅಂದಾಕಿಯಲ್ಲ. ಅವತ್ತ ತಿಳೀತು, ಇದು ಗ್ಯಾಸಲ್ಲ ಅಂತ.”

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ದಾನೇಶ್ವರಿ ಅಲ್ಲಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಅವ್ವ ಕುತ್ತಿಗೆ ಚಾಚಿ ಕೂಗಿದಳು.

“ಬೇ ದಾನೇಶ್ವರಿ! ಇವತ್ತಿನ ಸಾರಿಗೂ ಉಪ್ಪು ಹೆಚ್ಚಾಗೇದ!”

ಅಳುದನಿಯಲ್ಲೇ ಉತ್ತರ ಬಂತು: “ಹೆಚ್ಚಾಗಿದ್ರ ನಾಳೆಯಿಂದ ನೀವ ಮಾಡ್ಕೊಂಡು ಉಣ್ರಿ!”

“ನೋಡ್ರಿ, ಈಗ ಆಕಿ ನನ್ನ ಸೊಸಿ,” ಅಂದಳು ಅವ್ವ. ನೆಂಟರಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಅತ್ತರು. ಆನಂದ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಕೆಮ್ಮಿದ.

ಸಂಜೆಯ ಹೊತ್ತಿಗೆ ಬಹಳ ಜನ ಹೊರಟರು. ಅಕ್ಕ ತನ್ನ ಬ್ಯಾಗು ಬಿಚ್ಚಿ, ಸೀರೆಗಳನ್ನು ನನ್ನ ಕಪಾಟಿನಲ್ಲಿ ಜೋಡಿಸಿ, ನನ್ನ ಅಂಗಿಗಳನ್ನು ಹೊರಗೆ ಹಾಕಿದಳು. ಎದುರಾಡಲು ನನಗೆ ಮುಖವಿರಲಿಲ್ಲ. ಅವ್ವನ ಹೊರಸನ್ನು ಗಾಳಿಗೆಂದು ಅಂಗಳಕ್ಕೆ ಹಾಕಿದೆ. ನಾನು ಎದುರಿನ ಕಟ್ಟೆಯ ಮೇಲೆ ಕೂತೆ. ಅಭ್ಯಾಸಬಲದಿಂದ ಕೈ ಕಿಸೆಗೆ ಹೋಯಿತು.

“ಅದನ್ನ ಅಲ್ಲೇ ಇಡು,” ಅಂದಳು ಅವ್ವ. “ಎಷ್ಟು ಮಂದಿ ಓದಿದ್ರಂತ?”

“ನಾಕ್ನೂರಾ ಹನ್ನೆರಡು ಯವ್ವಾ. ಅಳಿಸಿಬಿಟ್ಟೀನಿ.”

“ಅಳಿಸಬಾರದಿತ್ತು. ನಾ ಹೋದ್ರ ಆಕಿ ಯಾರ ಕೂಡ ಜಗಳ ಆಡಬೇಕಂತ! ನನಗ ಅಂಥಾ ಮಾತು ಒಬ್ರೂ ಆಡಿದ್ದಿಲ್ಲ. ನೀ ಬರದಿದ್ದರಾಗ ಅದೊಂದ ಚಲೋ ಇತ್ತು.”

“ಅದು ನಾ ಬರದಿದ್ದಲ್ಲ ಯವ್ವಾ.”

“ಗೊತ್ತದ. ನಿಂದು ಯಾವುದಂತ ಗೊತ್ತಾತು. ಬಸ್ಸಿಗೆ ಹೊತ್ತಾತು ಅನ್ನೋದು.”

ಅವ್ವ ಸಿಟ್ಟಿನಲ್ಲಿರಲಿಲ್ಲ. ಸಿಟ್ಟಿನಲ್ಲಿದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಸೊರಗಿದ್ದಳು. ಸೆರಗಿನೊಳಗೆ ಭುಜದ ಮೂಳೆ ಎದ್ದು ಕಾಣುತ್ತಿತ್ತು. ಎರಡು ತಿಂಗಳಿಂದ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ. ನೋಡಬಾರದೆಂದೇ ಮಾಳಿಗೆ ಹತ್ತುತ್ತಿದ್ದೆನಲ್ಲ!

“ದಿಲ್ಶಾದ್ ಹೇಳಿದ್ಲು. ಬಂದಾವರೆಲ್ಲ ಬಾಯಿ ಬಿಡದನ ಹೇಳಿದ್ರು,” ಅಂದಳು ಅವ್ವ. “ನೀ ಒಬ್ಬಾವ ಹೇಳಿಲ್ಲ. ನಿನ್ನ ಬಾಯಿಲೆ ಕೇಳಬೇಕಾಗೇದ ನನಗ. ಹೇಳು.”

ಬಾಯಿ ತೆರೆದೆ. ಹೊಸ ಬರಹಗಾರರಿಗೆ ನಾಲ್ಕು ಪಾಠ ಹೇಳಿದವನಿಗೆ ಮೊದಲ ಪದವೇ ಸಿಗಲಿಲ್ಲ. ಕಟ್ಟೆಯಿಂದ ಎದ್ದು ಹೋಗಿ ಹೊರಸಿನ ತುದಿಗೆ ಕೂತೆ. ಅವ್ವನ ಕೈ ಹಿಡಿದುಕೊಂಡೆ. ಹತ್ತಿ ಮಿಲ್ಲಿನಲ್ಲಿ ಗಟ್ಟಿಯಾದ ಅಂಗೈ ಇನ್ನೂ ಗಟ್ಟಿಯಾಗಿಯೇ ಇತ್ತು.

“ಯವ್ವಾ,” ಅಂದೆ, “ಇದು ಗ್ಯಾಸಲ್ಲ. ಡಾಕ್ಟರ್ ಆರು ತಿಂಗಳು ಅಂದಾರ. ನನಗ ಭಾಳ ಅಂಜಿಕಿ ಆಗಾಕತ್ತದ.”

ಹೇಳಿ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ. ಅವ್ವ ಇನ್ನೊಂದು ಕೈಯಿಂದ ನನ್ನ ತಲೆ ಸವರಿದಳು. ಬಹಳ ಹೊತ್ತು ಸವರಿದಳು. ಆಮೇಲೆ ತಲೆಗೆ ಮೆಲ್ಲಗೆ ಒಂದೇಟು ಕೊಟ್ಟಳು.

“ಆ ಕಟ್ಟಿಯಿಂದ ಈ ಹೊರಸಿಗೆ ಮೂರ ಹೆಜ್ಜಿ,” ಅಂದಳು. “ನಾಕ್ನೂರಾ ಹನ್ನೆರಡು ಮಂದಿನ್ನ ಸುತ್ತಿ ಬಂದೀಯಲ್ಲೋ, ಖೋಡಿ!”